ಡಯಾನಾಳನ್ನು ಏಕೆ ಓದಿಸಲಿಲ್ಲ?

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ಮಾಂಟ್‌ಗೊಮರಿಯವರ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' (1908) ಕಾದಂಬರಿಯ ಕಥೆ ಹೇಳಿದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಹಳ್ಳಿ. ಅನಾಥೆ ಆ್ಯನ್, ಅನುಕೂಲಸ್ಥರ ಮಗಳು ಡಯಾನಾ ಜೀವದ ಗೆಳತಿಯರು. ಡಯಾನಾಳ ತಾಯಿ ಅವರ ಸ್ನೇಹಕ್ಕೆ ಅಡ್ಡ ಬಂದಾಗ ಮಕ್ಕಳು ಮರುಗಿದರು. ಡಯಾನಾಳ ಪುಟ್ಟ ತಂಗಿಯನ್ನು ಆ್ಯನ್ ಬದುಕಿಸಿದಾಗ ಹಿಗ್ಗಿದರು.

ಮುಂದೆ ಆ್ಯನ್ ಶಿಕ್ಷಕಿಯಾಗುವ ಓದಿಗೆ ಸಿದ್ಧಳಾಗಲು ಸಂಜೆ ಶಾಲೆಯಲ್ಲೇ ಉಳಿಯುತ್ತಾಳೆ. ಡಯಾನಾಳನ್ನು ಮುಂದೆ ಓದಿಸುವ ಯೋಚನೆ ಹೆತ್ತವರಿಗಿಲ್ಲ. ಅವಳು ಒಬ್ಬಳೇ ಮನೆಗೆ ಹೊರಟಾಗ ಆ್ಯನ್ ಲ್ಯಾಟಿನ್ ವ್ಯಾಕರಣ ಪುಸ್ತಕದ ಹಿಂದೆ ಕಣ್ಣೀರು ಮರೆಸುತ್ತಾಳೆ.

"ಅವರ ಮನೇಲಿ ದುಡ್ಡಿತ್ತಲ್ಲ ಮಿಸ್, ಯಾಕೆ ಓದಿಸಲಿಲ್ಲ?" ಎಂದಳು ಕೊನೆಯ ಬೆಂಚಿನ ಹುಡುಗಿ.

ಪಾಠಯೋಜನೆಯ ಪ್ರಶ್ನೆಗಳನ್ನು ಬದಿಗಿಟ್ಟು, ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಹತ್ತನೇ ತರಗತಿಯ ನಂತರ ತಮ್ಮಲ್ಲಿ ಯಾರು ಉಳಿಯುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂದು ಹುಡುಗಿಯರು ಲೆಕ್ಕ ಹಾಕತೊಡಗಿದರು.