ಕೊಟ್ಟಿಗೆ ಬಾಗಿಲು, ಕಲ್ಲುಕಂಬ ಮತ್ತು ನನ್ನ ಬ್ಯಾಟರಿ ಡ್ರಿಲ್

ಹೋದ ಸಂತೆ ದಿನ ತಿಪಟೂರಲ್ಲಿ ಇಬ್ಬರು ಮೂವರು ನಿಲ್ಲಿಸಿ ಕೇಳಿದರು, "ಬ್ಯಾಟರಿ ಡ್ರಿಲ್ ತಗೊಂಡ್ಯಂತಲ್ಲ, ಹೆಂಗೈತೆ? ನಾವೂ ತಗೋಬೋದಾ?" ಅಂತ. ರಸ್ತೇಲಿ ನಿಂತು ಹೇಳೋ ವಿಷಯ ಅಲ್ಲ, ಬರೆದು ಹಾಕ್ತೀನಿ ಅಂದಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಇದು ಶುರುವಾಗಿದ್ದು ಡ್ರಿಲ್ಲಿನಿಂದ ಅಲ್ಲ, ಕರುವಿನಿಂದ. ನಮ್ಮ ತೋಟದ ಕೊಟ್ಟಿಗೆ ನಿಮ್ಮಲ್ಲಿ ತುಂಬ ಜನ ನೋಡಿದ್ದೀರಿ. ಕಲ್ಲುಕಂಬ, ಮೇಲೆ ಶೀಟು, ಸುತ್ತ ಸೊಂಟದ ಮಟ್ಟಕ್ಕೆ ಸಿಮೆಂಟ್ ಇಟ್ಟಿಗೆ ಗೋಡೆ. ಅದರ ಮೇಲೆ ಎಲ್ಲಾ ಬಯಲು. ಬಾಗಿಲು ಅಂತ ಇದ್ದದ್ದು ಎರಡು ಅಡ್ಡ ಗಳ. ಕಾರ್ತಿಕದಲ್ಲಿ ಒಂದು ರಾತ್ರಿ ಚಿರತೆ ಆ ಗೋಡೆ ಹಾರಿ ಬಂದು ಐದು ತಿಂಗಳ ಹೆಣ್ಣು ಕರುವನ್ನ ಕೊಂದು ಹಾಕಿತು. ಹಗ್ಗ ಕಟ್ಟಿದ್ದರಿಂದ ಹೊತ್ಕೊಂಡು ಹೋಗಕ್ಕೆ ಆಗಲಿಲ್ಲ, ಅಲ್ಲೇ ಬಿಟ್ಟು ಹೋಗಿತ್ತು. ಬೆಳಿಗ್ಗೆ ಹಾಲು ಕರೆಯಕ್ಕೆ ಹೋದ ನಮ್ಮ ಮನೆಯವಳು ನೋಡಿ ಕೂಗಿದ್ದು ಊರ ತನಕ ಕೇಳಿಸ್ತು. ಅರಣ್ಯ ಇಲಾಖೆಯವರು ಬಂದರು, ಮಹಜರು ಮಾಡಿದರು. ಹೋಗುವಾಗ "ಜಾಲರಿ ಹಾಕಿ, ಬಾಗಿಲು ಇಡ್ರಿ, ಒಂದ್ಸಲ ಬಂದಿದ್ದು ಮತ್ತೆ ಬರುತ್ತೆ" ಅಂದರು. ತಾಯಿ ಹಸು ಮೂರು ದಿನ ಮೇವು ಮುಟ್ಟಲಿಲ್ಲ. ಕೊಟ್ಟಿಗೇಲಿ ಇನ್ನೊಂದು ಕರು ಇತ್ತು.

ಹಾಗಾಗಿ ಗೋಡೆ ಮೇಲೆ ಆಂಗಲ್ ಕೂರಿಸಿ ಜಾಲರಿ, ಮುಂದೆ ಕಬ್ಬಿಣದ ಬಾಗಿಲು. ತೂತು ಹೊಡೆಯದೆ ಎರಡೂ ಆಗಲ್ಲ. ಮನೇಲಿ ವೈರಿನ ಹಳೇ ಡ್ರಿಲ್ ಇತ್ತು. ಆದರೆ ತೋಟದ ಕರೆಂಟ್ ನಿಮಗೆ ಗೊತ್ತಲ್ಲ, ದಿನಕ್ಕೆ ಏಳು ಗಂಟೆ ತ್ರೀ ಫೇಸು, ಅದರಲ್ಲೂ ಅರ್ಧ ರಾತ್ರಿ ಪಾಳಿ. ಮನೆಯಿಂದ ವೈರ್ ಎಳೆಯೋಣ ಅಂದರೆ ಎರಡು ಫರ್ಲಾಂಗ್ ದೂರ. ಜನರೇಟರ್ ಬಾಡಿಗೆಗೆ ತಂದರೆ ಒಂದು ದಿನದಲ್ಲಿ ಮುಗಿಯೋ ಕೆಲಸ ಅಲ್ಲ. ಅದಕ್ಕೇ ಬ್ಯಾಟರಿದು ತಗೊಳ್ಳೋಣ ಅಂತ ತೀರ್ಮಾನ ಮಾಡಿದೆ.

ಮೊದಲು ಮಗ ಫೋನಲ್ಲಿ ತೋರಿಸಿದ. 48 ವೋಲ್ಟ್, 88 ವೋಲ್ಟ್ ಅಂತ ದೊಡ್ಡದಾಗಿ ಬರೆದಿರೋವು ಎರಡು ಸಾವಿರಕ್ಕೆಲ್ಲ ಸಿಗ್ತಾವೆ. ನಾನು ಓದಿರೋದು ಎಸ್ಸೆಸ್ಸೆಲ್ಸಿ, ಆದರೂ ಈ ಲೆಕ್ಕ ನನಗೂ ಅರ್ಥ ಆಯ್ತು. ಈ ಥರದ ಬ್ಯಾಟರಿ ಒಳಗೆ ಬೆರಳುದ್ದದ ಲಿಥಿಯಂ ಸೆಲ್‌ಗಳನ್ನ ಸಾಲಾಗಿ ಜೋಡಿಸಿರ್ತಾರೆ. ಒಂದೊಂದು 3.6 ವೋಲ್ಟು. ಐದು ಇದ್ದರೆ 18. ತುಂಬಾ ಚಾರ್ಜ್ ಆದಾಗ ಒಂದೊಂದೂ 4 ವೋಲ್ಟಿನ ಮೇಲೆ ಹೋಗುತ್ತೆ, ಅದನ್ನೇ ಕೆಲವು ಕಂಪನಿಯವರು 20 ವೋಲ್ಟ್ ಅಂತ ಬರೀತಾರೆ. ಅಂದರೆ 18, 20 ಎರಡೂ ಒಂದೇ. ಅಂಗೈಯಗಲದ ಬ್ಯಾಟರಿ ಮೇಲೆ 88 ಅಂತ ಬರೆದಿದ್ದರೆ ಅದು ಬರೀ ಸ್ಟಿಕ್ಕರಿನ ವೋಲ್ಟು.

ಅಂಗಡೀಲಿ 12 ವೋಲ್ಟಿಂದೂ ತೋರಿಸಿದರು. ಹಗುರ ಇದೆ, ಮರಕ್ಕೆ, ಸ್ಕ್ರೂ ಬಿಗಿಯಕ್ಕೆ ಚೆನ್ನಾಗಿದೆ. ಗೋಡೆ ಕೆಲಸ ಇರೋರಿಗೆ 18 ಬೇಕು. ನಾನು ನೋಡಿದ್ದು ನಾಲ್ಕು ವಿಷಯ. ಬಿಟ್ ಹಿಡಿಯೋ ಚಕ್ 13 ಎಂಎಂ ಇರಬೇಕು. ಪಕ್ಕಕ್ಕೆ ಹಾಕೋ ಹಿಡಿ ಜೊತೆಗೇ ಬರಬೇಕು. ಬ್ಯಾಟರಿ ಎರಡಿರಬೇಕು, ಯಾಕಂದ್ರೆ ಒಂದು ಮುಗಿದರೆ ಮನೆಗೆ ಬಂದು ಚಾರ್ಜ್ ಆಗೋ ತನಕ ಕಾಯ್ಕೊಂಡು ಕೂತಿರಬೇಕಾಗುತ್ತೆ. ಕೊನೇದು, ಅದೇ ಬ್ಯಾಟರಿಗೆ ಮುಂದೆ ಗ್ರೈಂಡರ್ರೋ ಗರಗಸವೋ ಹೊಂದುತ್ತಾ ಅನ್ನೋದು. ಮೆಷಿನ್ನಿಗಿಂತ ಬ್ಯಾಟರಿಗೇ ದುಡ್ಡು ಜಾಸ್ತಿ. ಒಂದು ಕಂಪನೀದು ಹಿಡಿದರೆ ಅದರಲ್ಲೇ ಮುಂದುವರಿಯೋದು ಒಳ್ಳೇದು, ಬರೀ ಮೆಷಿನ್ ಮಾತ್ರ ಕೊಂಡರೆ ಸಾಕಾಗುತ್ತೆ. ಎರಡು ಬ್ಯಾಟರಿ, ಚಾರ್ಜರ್, ಪೆಟ್ಟಿಗೆ ಎಲ್ಲಾ ಸೇರಿ 9,400 ಕೊಟ್ಟೆ. ತೆಂಗಿನಕಾಯಿ ದುಡ್ಡು. ಮನೇಲಿ ಎರಡು ದಿನ ಮಾತಿಲ್ಲ.

ಗೋಡೆ ಕೆಲಸ ಚೆನ್ನಾಗೇ ಆಯ್ತು. ಕತ್ತಿನ ಹತ್ರ ಇರೋ ರಿಂಗಲ್ಲಿ ಮೂರು ಗುರುತು ಇರ್ತಾವೆ: ಸ್ಕ್ರೂ, ಡ್ರಿಲ್, ಸುತ್ತಿಗೆ. ಗೋಡೆಗೆ ಸುತ್ತಿಗೆ. ಆದರೆ ಮೊದಲು ಬರೀ ಡ್ರಿಲ್ಲಲ್ಲಿಟ್ಟು ನಿಧಾನ ಒಂದು ಗುಳಿ ಮಾಡ್ಕೊಳ್ಳಿ, ಆಮೇಲೆ ಸುತ್ತಿಗೆಗೆ ತಿರುಗಿಸಿ. ಇಲ್ಲಾಂದ್ರೆ ಬಿಟ್ ಜಾರಿ ಗುರುತಿನ ಪಕ್ಕ ಹೋಗುತ್ತೆ. ಎಷ್ಟು ಆಳ ಬೇಕೋ ಅಷ್ಟಕ್ಕೆ ಬಿಟ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ. ಅರ್ಧಕ್ಕೆ ಒಂದ್ಸಲ ಹೊರಗೆ ಎಳೆದು ಪುಡಿ ಬೀಳಿಸಿ, ಕೊನೆಗೆ ತೂತನ್ನ ಊದಿ ಸ್ವಚ್ಛ ಮಾಡಿ. ಪುಡಿ ಒಳಗೇ ಉಳಿದರೆ ಆಂಕರ್ ಬೋಲ್ಟ್ ಕಚ್ಚಲ್ಲ. ಇಟ್ಟಿಗೆ ಅಂಚಿಗೆ ಹೊಡೀಬೇಡಿ, ನಾಲ್ಕು ಬೆರಳಾದರೂ ಒಳಗೆ ಬನ್ನಿ. ನಾನು ಮೊದಲನೇದನ್ನೇ ಅಂಚಿಗೆ ಹೊಡೆದು ಇಟ್ಟಿಗೆ ಮೂಲೆ ಉದುರಿಸಿದೆ. ಒಂದು ಚಾರ್ಜಿಗೆ 10 ಎಂಎಂ ತೂತು ಮೂವತ್ತರ ಹತ್ರ ಬಂತು. ಎರಡು ದಿನದಲ್ಲಿ ಮೂರು ಕಡೆ ಜಾಲರಿ ನಿಂತಿತು.

ಮೂರನೇ ದಿನ ಬಾಗಿಲ ಕಡೆ ಬಂದೆ. ಬಾಗಿಲು ನಿಲ್ಲಬೇಕಾದ್ದು ಕಲ್ಲುಕಂಬಕ್ಕೆ. ಗೋಡೆ ತೂತು ಬಿತ್ತಲ್ಲ, ಕಲ್ಲೂ ಬೀಳುತ್ತೆ ಅಂತ ನನ್ನ ಲೆಕ್ಕ. ಹೊಸ ಬಿಟ್ ಹಾಕಿ ಕಾಲುಗಂಟೆ ಒತ್ತಿದೆ. ಒಂದು ಬ್ಯಾಟರಿ ಖಾಲಿ. ನೋಡಿದರೆ ಕಾಳು ಮೆಣಸು ಕೂರುವಷ್ಟು ಗುಳಿ. ಬಿಟ್ ತುದಿ ನೀಲಿ ಆಗಿ ಸವೆದು ಹೋಗಿತ್ತು. ಮೆಷಿನ್ ಮುಟ್ಟಕ್ಕಾಗ್ತಿರಲಿಲ್ಲ, ಸುಟ್ಟ ವಾಸನೆ. 9,400 ಮುಳುಗಿತು ಅಂತ ಎದೆ ಧಸಕ್ ಅಂತು.

ವಯಸ್ಸಲ್ಲಿ ಬಂಡೆ ಕೆಲಸ ಮಾಡಿದ್ದ ನಮ್ಮೂರ ಅಜ್ಜ ಒಬ್ಬರು ಆ ದಾರೀಲಿ ಹೋಗ್ತಿದ್ದೋರು ನಿಂತು ನೋಡಿದರು. "ಏನ್ಲಾ ಮಗ, ಮರಕುಟಿಕ ಬಂಡೆ ಕುಟ್ಟಿದಂಗೆ ಕುಟ್ಟುತಾ ಇದ್ದೀಯ. ಏಟು ಬೀಳಬೇಕು ಕಣ್ಲಾ, ಉಳಿ ತಿರುಗಿಸ್ತಾ ತಿರುಗಿಸ್ತಾ ಏಟು ಬೀಳಬೇಕು" ಅಂದರು.

ಅವರು ನಗಾಡಿಕೊಂಡು ಹೇಳಿದ್ದೇ ಸರಿಯಾದ ಕಾರಣ. ನಾನು ತಂದಿರೋ ಥರದ ಹ್ಯಾಮರ್ ಡ್ರಿಲ್ಲಲ್ಲಿ ಹಲ್ಲಿರೋ ಎರಡು ಬಿಲ್ಲೆ ಒಂದರ ಮೇಲೊಂದು ಉಜ್ಜಿ ಚಕ್ಕನ್ನ ಹಿಂದೆ ಮುಂದೆ ನಡುಗಿಸ್ತಾವೆ. ಪೆಟ್ಟಿಗೆ ಮೇಲೆ ನಿಮಿಷಕ್ಕೆ 27,000 ಏಟು ಅಂತ ಬರೆದಿರುತ್ತೆ, ನಿಜವೇ. ಆದರೆ ಒಂದೊಂದು ಏಟಿಗೂ ತೂಕ ಇಲ್ಲ, ಜೋರು ನಮ್ಮ ತೋಳಿಂದೇ ಬರಬೇಕು. ಇಟ್ಟಿಗೆಗೆ, ಸಿಮೆಂಟ್ ಇಟ್ಟಿಗೆಗೆ ಅಷ್ಟು ಸಾಕು. ರೋಟರಿ ಹ್ಯಾಮರ್ ಅಂತ ಬೇರೆ ಮೆಷಿನ್ ಬರುತ್ತೆ. ಅದರಲ್ಲಿ ಪಿಸ್ಟನ್ ಗಾಳಿ ಒತ್ತಿ ಒಳಗಿನ ಗುಂಡಿನ ಕೈಲಿ ಬಿಟ್ಟಿನ ತಲೆಗೇ ಹೊಡೆಸುತ್ತೆ. ಏಟು ನಿಮಿಷಕ್ಕೆ ನಾಲ್ಕೈದು ಸಾವಿರ ಅಷ್ಟೇ, ಆದರೆ ಒಂದೊಂದೂ ಏಟೇ. ಅದರ ಬಿಟ್ಟಿನ ಬುಡದಲ್ಲಿ ಗೀರು ಇರ್ತಾವೆ, ಎಸ್‌ಡಿಎಸ್ ಅಂತಾರೆ, ನಮ್ಮ ಚಕ್ಕಿಗೆ ಆಗಲ್ಲ. ಆರ್‌ಸಿಸಿ, ಬಂಡೆ ಕಲ್ಲು ಅಂದರೆ ಅದೇ ಬೇಕು. ಅಂಗಡಿಯೋರು "ಹ್ಯಾಮರ್ ಬೇಕಾ?" ಅಂದಾಗ ನಾನು ಹೂಂ ಅಂದಿದ್ದೆ. ಯಾವುದಕ್ಕೆ ಹೊಡೀತೀರಿ ಅಂತ ಅವರು ಕೇಳಲಿಲ್ಲ, ಕಲ್ಲುಕಂಬ ಇದೆ ಅಂತ ನಾನೂ ಹೇಳಲಿಲ್ಲ.

ಇನ್ನೊಂದು ಮೆಷಿನ್ನಿಗೆ ದುಡ್ಡಿರಲಿಲ್ಲ. ನಮ್ಮ ವೆಲ್ಡಿಂಗ್ ಭಾಯಿ ಹತ್ರ ಹೋಗಿ ಹೇಳಿದೆ. "ಕಲ್ಲಿಗೆ ಯಾಕಣ್ಣಾ ತೂತು? ಕಲ್ಲನ್ನ ಅಪ್ಪಿಕೊಳ್ಳೋ ಥರ ಪಟ್ಟಿ ಹಾಕಿದ್ರೆ ಆಯ್ತಲ್ಲ" ಅಂದರು. ನನಗೆ ಯಾಕೆ ಹೊಳೀಲಿಲ್ಲವೋ! ಬೇಕಾಗಿದ್ದದ್ದು ಬಾಗಿಲು, ತೂತಲ್ಲ. ಕಂಬದ ಹಿಂದೊಂದು ಮುಂದೊಂದು ಕಬ್ಬಿಣದ ಪಟ್ಟಿ, ಎರಡು ತುದಿಗೂ ಉದ್ದ ಬೋಲ್ಟು, ಮುಂದಿನ ಪಟ್ಟಿಗೆ ಬಾಗಿಲ ಕೀಲು ಅವರೇ ವೆಲ್ಡ್ ಮಾಡಿ ಕೊಡೋದು. ಕಲ್ಲಿಗೂ ಪಟ್ಟಿಗೂ ನಡುವೆ ಹಳೇ ಬೈಕ್ ಟ್ಯೂಬಿನ ತುಂಡು, ಜಾರದ ಹಾಗೆ. ಪಟ್ಟಿಗೆ ತೂತು ನಾನೇ ಹೊಡ್ಕೋತೀನಿ ಅಂದೆ.

ಕಬ್ಬಿಣಕ್ಕೆ ಸುತ್ತಿಗೆ ಗುರುತು ಬೇಡವೇ ಬೇಡ, ಡ್ರಿಲ್ ಗುರುತು, ಮೇಲಿನ ಗೇರು 1. ಬಿಟ್ಟೂ ಬೇರೆ, ಎಚ್‌ಎಸ್‌ಎಸ್ ಅಂತ ಕೇಳಿ. ಪಂಚ್ ಹೊಡೆದು ಗುರುತು ಮಾಡಿ, ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು, ಎರಡು ಹನಿ ಎಣ್ಣೆ. ಇದೆಲ್ಲಾ ಮಾಡಿದೆ. ಮಾಡದೇ ಇದ್ದದ್ದು ಒಂದೇ, ಪಟ್ಟಿಯನ್ನ ಬಿಗಿಯಾಗಿ ಕಟ್ಟಲಿಲ್ಲ. ಕಲ್ಲಿನ ಮೇಲಿಟ್ಟು ಎಡಗಾಲಲ್ಲಿ ತುಳಿದು ಹಿಡಿದೆ. ಬಿಟ್ ಆಚೆ ಬರೋ ಗಳಿಗೆಗೆ ಕಬ್ಬಿಣ ಕಚ್ಚಿಕೊಳ್ತು. ಪಟ್ಟಿ ಫ್ಯಾನಿನ ರೆಕ್ಕೆ ಥರ ಗಿರ್ರನೆ ತಿರುಗಿ ಬಲಗಾಲ ಮುಂಗಾಲಿಗೆ ಹೊಡೀತು. ಮೂರು ಹೊಲಿಗೆ, ಟಿಟಿ ಇಂಜೆಕ್ಷನ್ನು. ಅದು ಮುಖದ ಮಟ್ಟಕ್ಕೆ ಇದ್ದಿದ್ದರೆ ಏನಾಗ್ತಿತ್ತು ಅಂತ ಆಮೇಲೆ ಯೋಚನೆ ಮಾಡಿ ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು ಪಟ್ಟಿಗೆ ಸಿ ಕ್ಲಾಂಪ್ ಹಾಕಿ, ಇಲ್ಲಾ ಮರದ ದಿಮ್ಮಿಗೆ ಮೊಳೆ ಹೊಡೆದು ಅದುಮಿ ಹಿಡಿಸಿ. ಪಕ್ಕದ ಹಿಡಿ ಹಾಕ್ಕೊಳ್ಳಿ. ಪಂಚೆ, ಟವಲ್ ತೂಗಾಡ್ತಾ ಇರಬಾರದು. ಕಣ್ಣಿಗೆ ಕನ್ನಡಕ ಹಾಕಿ, ನೂರು ರೂಪಾಯಿಗೆ ಸಿಗುತ್ತೆ.

ಬ್ಯಾಟರಿ ಬಗ್ಗೆ ಒಂದು ಮಾತು. ಅದನ್ನ ಬಿಸಿಲಲ್ಲಿ ಬಿಡಬೇಡಿ. ಪಂಪ್ ಮನೆ ಶೀಟಿನ ಮೇಲೆ ಇಟ್ಟು ಮರೆತಿದ್ದೆ, ಚಾರ್ಜಿಗೆ ಹಾಕಿದರೆ ಕೆಂಪು ದೀಪ ಮಿಣುಕಿ ಚಾರ್ಜೇ ತಗೊಳ್ಳಲಿಲ್ಲ. ಕೆಟ್ಟಿರಲಿಲ್ಲ, ಆರಬೇಕಿತ್ತು. ಕೆಲಸ ಮಾಡಿ ಬಿಸಿ ಇರುವಾಗಲೂ ಅಷ್ಟೇ, ಅರ್ಧ ಗಂಟೆ ನೆರಳಲ್ಲಿಟ್ಟು ಆಮೇಲೆ ಹಾಕಿ. ತಿಂಗಳುಗಟ್ಟಲೆ ಕೆಲಸ ಇಲ್ಲಾಂದ್ರೆ ಪೂರಾ ಖಾಲಿ ಮಾಡಿ ಇಡಬೇಡಿ, ಅರ್ಧ ಚಾರ್ಜ್ ಇಟ್ಟು ಒಣ ಜಾಗದಲ್ಲಿಡಿ.

ಬಾಗಿಲು ನಿಂತು ಈಗ ಎರಡು ತಿಂಗಳಾಯ್ತು. ಹೋದ ವಾರ ಬೆಳಿಗ್ಗೆ ಕೊಟ್ಟಿಗೆ ಸುತ್ತ ಹದಿ ಮಣ್ಣಲ್ಲಿ ಹೆಜ್ಜೆ ಗುರುತಿತ್ತು. ಬಾಗಿಲ ಮುಂದೆ ಬಂದು, ಜಾಲರಿ ಪಕ್ಕದಲ್ಲೇ ಒಂದು ಸುತ್ತು ಹೋಗಿ, ಹಾಗೇ ಹಳ್ಳದ ಕಡೆ ಇಳಿದಿತ್ತು. ಒಳಗೆ ಕರು ಮಲಗಿ ಮೆಲುಕು ಹಾಕ್ತಿತ್ತು. ನಮ್ಮ ಮನೆಯವಳು ಆ ಗುರುತು ನೋಡಿ, ಬಾಗಿಲು ಒಂದ್ಸಲ ಅಲ್ಲಾಡಿಸಿ ನೋಡಿ, "ಗಟ್ಟಿಗೈತೆ ಬಿಡಿ" ಅಂದಳು. ಆ 9,400ರ ಬಗ್ಗೆ ಆಮೇಲೆ ಮಾತು ಬಂದಿಲ್ಲ.

ಆದ್ದರಿಂದ ತಗೋಬೋದಾ ಅಂತ ಕೇಳಿದವರಿಗೆ: ಮೊದಲು ಒಂದು ಚೀಟಿ ತಗೊಂಡು ನಿಮ್ಮ ತೋಟ, ಮನೆ ಸುತ್ತಿ ಬನ್ನಿ. ಯಾವುದಕ್ಕೆಲ್ಲಾ ತೂತು ಬೇಕು, ಅದು ಮರವೋ, ಕಬ್ಬಿಣವೋ, ಇಟ್ಟಿಗೆಯೋ, ಕಲ್ಲೋ ಬರ್ಕೊಳ್ಳಿ. ಆ ಚೀಟಿ ತಗೊಂಡು ಅಂಗಡಿಗೆ ಹೋಗಿ. ಕೊಟ್ಟಿಗೆ ಬಯಲಾಗಿರೋರು ಮಾತ್ರ ತಡ ಮಾಡಬೇಡಿ, ನನ್ನ ಡ್ರಿಲ್ ಇದೆ, ಬಂದು ತಗೊಂಡು ಹೋಗಿ. ಬಿಟ್ ನೀವೇ ತನ್ನಿ. ಕಲ್ಲಿಗೆ ಮಾತ್ರ ಇಡಬೇಡಿ.