ಒದ್ದೆ ಕೌದಿಯ ಭಾರ

ಮೊದಲು ಗಡಗಡ ನಡುಗಿತು. ಯಾರೂ ಹೇಳದಿದ್ದರೂ ಮತ್ತೆ ನೀರು ತುಂಬಿಸಿಕೊಂಡಿತು. ಇನ್ನೊಮ್ಮೆ ತಿರುಗಿ, ಕುಣಿದು, ಬಚ್ಚಲಮನೆಯ ಬಾಗಿಲತನಕ ನಡೆದುಬಂದು, ಕುಂಯ್ ಕುಂಯ್ ಎಂದು ಕೂಗಿ ನಿಂತೇಬಿಟ್ಟಿತು. ಒಗೆಯುವ ಯಂತ್ರದ ಹಣೆಯ ಮೇಲೆ ‘ಯುಇ’ ಎಂದು ಮಿನುಗುತ್ತಿತ್ತು. ಜೊತೆಗೆ ಕೊಟ್ಟಿದ್ದ ಪುಸ್ತಕ ತೆಗೆದು ನೋಡಿದರೆ ಅರ್ಥ ಇಷ್ಟೇ: ಒಳಗಿನ ಭಾರ ಒಂದೇ ಕಡೆ ವಾಲಿದೆ, ಸಮತೋಲನವಿಲ್ಲ.

ಪ್ರಬಂಧಕಾರ್ತಿಗೆ ಸಿಟ್ಟು ಬಂದದ್ದು ಯಂತ್ರದ ಮೇಲಲ್ಲ, ‘ಸಮತೋಲನ’ ಎಂಬ ಆ ಪದದ ಮೇಲೆ. ಅರ್ಧ ಗಂಟೆ ಮುಂಚೆಯಷ್ಟೇ ಕಾಫಿ ಕುಡಿಯುತ್ತ ತಿರುವಿದ ಭಾನುವಾರದ ಪುರವಣಿಯಲ್ಲೂ ಅದೇ ಇತ್ತು. ಅಮೂರ್ತ ಚಿತ್ರ ಬರೆಯುವ ಕಲಾವಿದೆಯೊಬ್ಬರ ಸಂದರ್ಶನ. ಮೊದಲ ಪ್ರಶ್ನೆ: ತಾಯ್ತನ, ಕಲೆ, ಎರಡನ್ನೂ ಹೇಗೆ ಸಮತೋಲನ ಮಾಡುತ್ತೀರಿ? ಬಣ್ಣದ ಮಾತು ಬರಬೇಕಾದರೆ ಆರನೆಯ ಪ್ರಶ್ನೆಯಾಯಿತು. ಗಂಡಸು ಚಿತ್ರಕಾರರನ್ನು ಯಾರೂ ಹೀಗೆ ಕೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಬಿಡಿ.

ಯಂತ್ರದ ಹೊಟ್ಟೆಯಲ್ಲಿದ್ದದ್ದು ಕೌದಿ. ಧಾರವಾಡದ ಕಡೆಯ ಅಜ್ಜಿ ಪ್ರಬಂಧಕಾರ್ತಿಯ ತೊಟ್ಟಿಲಿಗೆಂದು ಹೊಲಿದು, ವರ್ಷ ಕಳೆದಂತೆ ಸುತ್ತ ತುಂಡು ಸೇರಿಸುತ್ತ ಮಂಚದಳತೆಗೆ ಬೆಳೆಸಿದ್ದು. ಅವ್ವನಿಗೆ ಫೋನು ಮಾಡಿದರೆ ಆ ಕಡೆಯಿಂದ ಬೈಗುಳವೇ ಬಂತು. “ಕೌದಿನ ಮಷೀನಿನ್ಯಾಗ ಹಾಕಿದೇನವಾ? ನಾಕ ಮಂದಿ ಹಿಡದು ಹಳ್ಳದಾಗ ಹಿಂಡೂ ಸಾಮಾನದು!”

ನಿಜ. ಒಣಗಿದ್ದಾಗ ಹೊದಿಕೆ, ನೆಂದರೆ ಎಮ್ಮೆ.

ಈ ಕೌದಿಯ ದೂರದ ಬಳಗವೊಂದು ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದ ಸಂಗ್ರಹದಲ್ಲಿದೆ. 1911ರಲ್ಲಿ ಚಿತ್ರಕಾರ್ತಿ ಸೋನಿಯಾ ದೆಲೋನೆ ತನ್ನ ಎಳೆಗೂಸು ಶಾರ್ಲ್‌ಗಾಗಿ ತುಂಡುಬಟ್ಟೆ ಕೂಡಿಸಿ ಹೊಲಿದ ಹೊದಿಕೆ ಅದು. ಆಕೆ ಉಕ್ರೇನಿನಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನ ಉಳ್ಳವರ ಮನೆಯಲ್ಲಿ ಬೆಳೆದವಳು. ಇಂಥ ಜೋಡಣೆಯನ್ನು ಕಂಡಿದ್ದು ರೈತರ ಮನೆಗಳಲ್ಲಿ. ಹೊಲಿದು ಮುಗಿಸಿ ನೋಡಿದರೆ, ಗೆಳೆಯರೆಲ್ಲ ಕೂತು ಚರ್ಚಿಸುತ್ತಿದ್ದ ಕ್ಯೂಬಿಸಂ ಮಗುವಿನ ಮೈಮೇಲೆ ಮಲಗಿತ್ತು. ಅದೇ ಬಗೆಯ ಕೂಡಿಕೆಯನ್ನು ಆಮೇಲೆ ಗಂಡ ಹೆಂಡತಿ ಇಬ್ಬರೂ ಬೇರೆ ವಸ್ತುಗಳ ಮೇಲೆ, ಚಿತ್ರಗಳ ಮೇಲೆ ಪ್ರಯೋಗಿಸಿದರು. ಎರಡು ವರ್ಷದ ನಂತರ ಆಕೆ ಬರೆದ ‘ಬಾಲ್ ಬುಲಿಯೆ’ ಹತ್ತಿರಹತ್ತಿರ ನಾಲ್ಕು ಮೀಟರ್ ಉದ್ದ. ಅದನ್ನು ಬರೆದದ್ದು ಯಾವುದರ ಮೇಲೆ ಎಂದರೆ, ಹಾಸಿಗೆಗೆ ಹಾಕುವ ದಪ್ಪ ಬಟ್ಟೆಯ ಮೇಲೆ! ಹೊದಿಯಲು ಹೊಲಿದದ್ದು ಚಿತ್ರವಾಯಿತು, ಚಿತ್ರ ಹೋಗಿ ಹಾಸಿಗೆ ಬಟ್ಟೆಯ ಮೇಲೆ ಕೂತಿತು. ಇದರಲ್ಲಿ ಯಾವುದು ತಾಯ್ತನದ ತಟ್ಟೆಗೆ, ಯಾವುದು ಕಲೆಯ ತಟ್ಟೆಗೆ ಎಂದು ಪುರವಣಿಯವರು ತೂಗಿ ತೋರಿಸಲಿ.

1917ರ ಕ್ರಾಂತಿಯಲ್ಲಿ ರಷ್ಯಾದಿಂದ ಬರುತ್ತಿದ್ದ ಬಾಡಿಗೆ ಹಣ ನಿಂತುಹೋಯಿತು. ಆಮೇಲೆ ಬಟ್ಟೆ, ಉಡುಪುಗಳ ವಿನ್ಯಾಸ ಮಾಡಿ ಮನೆ ನಡೆಸಿದವಳು ಆಕೆಯೇ. ತನ್ನ ಕೃತಿಗಳ ಪ್ರದರ್ಶನವನ್ನು ಬದುಕಿದ್ದಾಗಲೇ ಲೂವ್ರ್‌ನಲ್ಲಿ ಕಂಡ ಮೊದಲ ಕಲಾವಿದೆಯಾದದ್ದು 1964ರಲ್ಲಿ. ಆಗ ವಯಸ್ಸು ಎಪ್ಪತ್ತೆಂಟರ ಆಸುಪಾಸು.

ಪುರವಣಿಯ ಆ ಪ್ರಶ್ನೆಯನ್ನು ಬಾರ್ಬರಾ ಹೆಪ್‌ವರ್ತ್‌ಗೂ ಕೇಳಬಹುದಿತ್ತು. ಆಕೆ ಶಿಲ್ಪಿ. ಚಿತ್ರಕಾರ್ತಿಯರ ಸಾಲಿನಲ್ಲಿ ಕೂರಿಸುವುದು ಸ್ವಲ್ಪ ಜುಲುಮೆಯೇ. ಆದರೆ 1934ರಲ್ಲಿ ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳು. ಮೊದಲ ಮದುವೆಯ ಮಗ ಬೇರೆ. ಯುದ್ಧದ ವರ್ಷಗಳಲ್ಲಿ ಕಾರ್ನ್‌ವಾಲ್‌ನಲ್ಲಿ ಹಗಲೆಲ್ಲ ಮಕ್ಕಳು, ಅಡುಗೆ. ಕಲ್ಲು ಕೆತ್ತಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ರಾತ್ರಿ ಕೂತು ರೇಖಾಚಿತ್ರ ಬರೆದಳು, ಅಮೂರ್ತ ರೇಖೆಗಳವು. ನ್ಯೂಯಾರ್ಕಿನ ಚಿತ್ರಕಾರ್ತಿ ಗ್ರೇಸ್ ಹಾರ್ಟಿಗನ್ ಮಾತ್ರ ಮಗನನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಬಣ್ಣದ ಹಿಂದೆ ಹೋದಳು. ಅದರ ಬಗ್ಗೆ ತೀರ್ಪು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಪ್ರಬಂಧಕಾರ್ತಿಗೆ ಸದ್ಯ ಕೌದಿ ಹಿಂಡುವ ಕೆಲಸವಿದೆ.

ಕೌದಿಯ ವಿಷಯಕ್ಕೆ ಬಂದರೆ ಆಕೆಯನ್ನು ನಿಲ್ಲಿಸುವುದು ಕಷ್ಟ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ತುಂಡು; ಅದನ್ನು ಅವರು ಹೂವೆನ್ನುತ್ತಾರೆ, ಅದಿಲ್ಲದ ಕೌದಿ ಬೆತ್ತಲೆ. ಗ್ಯಾಲರಿಯ ಯಾವ ಚೌಕಟ್ಟಿಗಿದೆ ಈ ಮರ್ಯಾದೆ? ಅಲ್ಲಿ ಏನನ್ನಾದರೂ ನೆಟ್ಟಗೆ ಗೋಡೆಗೆ ತೂಗಿದರಾಯಿತು, ಚಿತ್ರ. ಅಡ್ಡ ಹಾಸಿದರೆ ಹಾಸಿಗೆ. ಅಮೂರ್ತ ಚಿತ್ರ ಅರ್ಥವಾಗುವುದಿಲ್ಲ ಎನ್ನುವವರೆಲ್ಲ ಒಂದು ಕಾಲಕ್ಕೆ ಕೌದಿಯೊಳಗೆ ಮಲಗಿದವರೇ. ಎಳೆಗೂಸಿಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಒಂದು ಗೇಣು ದೂರ. ಅಷ್ಟರಲ್ಲಿ ಅದು ಕಂಡದ್ದೇನು? ಅವ್ವನ ಮುಖ, ಅದು ಸರಿದಾಗ ಒಂದು ಹಳದಿ ಮುಕ್ಕೋನ, ಪಕ್ಕದಲ್ಲಿ ಕಪ್ಪು ಪಟ್ಟಿ. ಇದಕ್ಕೆ ಏನು ಹೆಸರಿಟ್ಟಿದ್ದೀರಿ ಎಂದು ಯಾವ ಕೂಸೂ ಕೇಳಿದ್ದಿಲ್ಲ.

ಅಜ್ಜಿಯ ಕೌದಿಯಲ್ಲಿ ಇವಳ ಪಾಲಿನದೂ ಒಂದು ತುಂಡಿದೆ. ಹೋದ ವರ್ಷ ಹರಿದ ಮೂಲೆಗೆ ಹಚ್ಚಿದ ಕೆಂಪು ತೇಪೆ. ಹೊಲಿಗೆ ಡೊಂಕು, ಆದರೂ ಬಂದವರಿಗೆಲ್ಲ ತೋರಿಸಿದ್ದಾಯಿತು.

ಕೊನೆಗೂ ನೀರಿಳಿಯುವ ಎಮ್ಮೆಯನ್ನು ತಬ್ಬಿಕೊಂಡು ಮಹಡಿ ಹತ್ತಿ, ಮೋಟುಗೋಡೆಯ ಮೇಲೆ ಹರವಿ, ಸೊಂಟ ಹಿಡಿದು ನಿಂತಳು. ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಕೆಳಗಿನ ಮನೆಯ ಅಜ್ಜಿ ತಮ್ಮ ತಾರಸಿಯಲ್ಲಿ ಅಕ್ಕಿ ಸಂಡಿಗೆ ಇಟ್ಟಿದ್ದರು, ಬಿಳಿ ಪಂಚೆಯ ಮೇಲೆ ಸಾಲುಸಾಲಾಗಿ. ಒಂದು ಸಾಲು ಮಾತ್ರ ಯಾಕೋ ಗುಲಾಬಿಯಾಗುತ್ತಿತ್ತು.

ಓಡಿ ಕೆಳಗಿಳಿದಳು. ಅಜ್ಜಿ ಕನ್ನಡಕ ಏರಿಸಿ ಒಮ್ಮೆ ಕೌದಿ ನೋಡಿದರು, ಒಮ್ಮೆ ಸಂಡಿಗೆ ನೋಡಿದರು.

“ಬಣ್ಣ ಹತ್ತಿರೋದು ಹದಿನಾಲ್ಕೇ ಕಣಮ್ಮ,” ಎಂದರು. “ಒಣಗಲಿ, ನಿಮ್ಮನೆಗೇ ಕೊಡ್ತೀನಿ.”