ಎಲ್ಲ ಸರಿ, ಒಂಬತ್ತು ಬಿಟ್ಟು

ಪುಣೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ಹಡಪಸರ ದಾಟಿ ದಿವೆಘಾಟ್ ಹತ್ತಿದ ಮೇಲೆ ಸಿಗುವ ಊರು ಸಾಸವಡ. ಕರ್ಹಾ ನದಿ, ಸೋಪಾನದೇವರ ಸಮಾಧಿ, ಹತ್ತಿರದಲ್ಲೇ ಪುರಂದರ ಕೋಟೆ, ಸುತ್ತ ಅಂಜೂರ ಮತ್ತು ಸೀತಾಫಲದ ತೋಟಗಳು. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಕಿ ಪ್ರತಿವರ್ಷ ಇಲ್ಲಿ ತಂಗುತ್ತದೆ. ಇದೇ ದಾರಿಯಲ್ಲಿ ಮುಂದೆ ಹೋದರೆ ಜೇಜುರಿ. ಅಲ್ಲಿಯ ಖಂಡೋಬ ಕನ್ನಡದವರಿಗೆ ಮೈಲಾರಲಿಂಗ. ಹಾಗಾಗಿ ಉತ್ತರ ಕರ್ನಾಟಕದಿಂದ ಬಂದ ಭಕ್ತರ ಮಾತು ಈ ರಸ್ತೆಗೆ ಹೊಸದಲ್ಲ.

ಊರಿನ ಹೆಸರನ್ನು ಮರಾಠಿಯಲ್ಲಿ ಬರೆಯುವುದು ನಾಲ್ಕು ಅಕ್ಷರದಲ್ಲಿ: ಸಾ, ಸ, ವ, ಡ. ಆಡುವಾಗ ಮಾತ್ರ ಎರಡನೆಯ ಅಕ್ಷರದ ಅಕಾರವೂ ಕೊನೆಯ ಅಕ್ಷರದ ಅಕಾರವೂ ಬಿದ್ದುಹೋಗುತ್ತವೆ. ಎಲ್ಲಿ ಬೀಳುತ್ತದೆ ಎಂಬುದು ಮರಾಠಿಯವರಿಗೆ ಗೊತ್ತಿರುವುದರಿಂದ ಬರಹ ಅದನ್ನು ತೋರಿಸಬೇಕಾಗಿಲ್ಲ. ಕನ್ನಡದಲ್ಲಿ ಬರೆದ ಅಕಾರವನ್ನು ಓದಲೇಬೇಕು. ಆದ್ದರಿಂದ ಕನ್ನಡಕ್ಕೆ ಬಂದ ಈ ಊರಿಗೆ ಮೂರು ರೂಪ. ಬರಹವನ್ನು ನಂಬಿದವರು ಸಾಸವಡ ಎನ್ನುತ್ತಾರೆ. ಕಿವಿಯನ್ನು ನಂಬಿದವರು ಸಾಸ್ವಡ್ ಎಂದು ಒತ್ತಕ್ಷರ ಹಾಕುತ್ತಾರೆ. ಒತ್ತಕ್ಷರ ಕಣ್ಣಿಗೆ ಹಿಡಿಸದವರು ಸಾಸ್‌ವಡ್ ಎಂದು ಬಿಡಿಸಿ ಬರೆಯುತ್ತಾರೆ. ಈ ಮೂರನೆಯ ರೂಪದಲ್ಲಿ ಸ್ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವುದಷ್ಟೇ ಅದರ ಕೆಲಸ. ಓದುಗರಿಗೆ ಎರಡನೆಯದೂ ಮೂರನೆಯದೂ ಒಂದೇ ಹೆಸರು. ಕಂಪ್ಯೂಟರಿಗೆ ಅಲ್ಲ.

ವಿಜಯಪುರ ಕಡೆಯ ಒಬ್ಬಾಕೆ ಕೆಲವು ವರ್ಷಗಳಿಂದ ಸಾಸವಡದಲ್ಲಿ ಬಾಡಿಗೆ ಮನೆ ಹಿಡಿದು ಪುಣೆಯ ಕಂಪನಿಗೆ ಮನೆಯಿಂದಲೇ ಪ್ರೋಗ್ರಾಂ ಬರೆದುಕೊಡುತ್ತಾಳೆ. ಸಂಜೆ ಹೊತ್ತು ಮಾಡುವ ಸ್ವಂತದ ಕೆಲಸ ಬೇರೆ: ಜೇಜುರಿಗೆ ಬರುವ ಕನ್ನಡದವರಿಗಾಗಿ ಸುತ್ತಲಿನ ಊರು, ಬಸ್ಸು, ತಂಗುವ ಜಾಗಗಳ ಪಟ್ಟಿಯನ್ನು ಮರಾಠಿಯಿಂದ ಕನ್ನಡಕ್ಕೆ ತಂದು, ಮೊಬೈಲಿನಲ್ಲಿ ಹುಡುಕುವಂತೆ ಇಡುವುದು. ಹೆಸರುಗಳು ಕೆಲವು ನೂರು. ಆದರೂ ಹೆಸರಿಗೆ ಹೆಸರು ಕೈಯಿಂದ ಟೈಪು ಮಾಡುವ ಬದಲು ಅವಳು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಳು.

ಮೊದಲ ಕೆಲಸ ಲಿಪಿ ಬದಲಿಸುವುದು. ಇದು ಮೇಲುನೋಟಕ್ಕೆ ಬಹಳ ಸುಲಭ. ಅದಕ್ಕೆ ಕಾರಣದ ಒಂದು ಭಾಗ ಪುಣೆಯಲ್ಲೇ ಇದೆ. 1988ರಲ್ಲಿ ಅಲ್ಲಿ ಶುರುವಾದ ಸಿ-ಡ್ಯಾಕ್ ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ತರುವ ಕೆಲಸದಲ್ಲಿ ಮುಂದಿತ್ತು. ಆ ಕಾಲದ ಇಸ್ಕಿ ಸಂಕೇತಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ದೇವನಾಗರಿಯ ಸ, ಕನ್ನಡದ ಸ, ಬಂಗಾಳಿಯ ಸ ಎಲ್ಲಕ್ಕೂ ಒಂದೇ ಸಂಖ್ಯೆ. ಯೂನಿಕೋಡ್ ಪ್ರತಿ ಲಿಪಿಗೂ ಬೇರೆ ಜಾಗ ಕೊಟ್ಟರೂ ಒಳಗಿನ ಜೋಡಣೆಯನ್ನು ಇಸ್ಕಿಯಂತೆಯೇ ಉಳಿಸಿಕೊಂಡಿತು. ಹಾಗಾಗಿ ದೇವನಾಗರಿ ಅಕ್ಷರದ ಸಂಖ್ಯೆಗೆ 896 ಕೂಡಿಸಿದರೆ ಸಾಮಾನ್ಯವಾಗಿ ಅದೇ ಕನ್ನಡ ಅಕ್ಷರ ಸಿಗುತ್ತದೆ. ಮರಾಠಿಯ ನಾಲ್ಕಕ್ಷರಕ್ಕೆ 896 ಕೂಡಿಸಿ ನೋಡಿ, ಸಾಸವಡ ಬರುತ್ತದೆ.

ಊರಿನ ನದಿಗೆ ಕೂಡಿಸಿದರೆ ಬೇರೆಯದೇ ಬರುತ್ತದೆ. ಕರ್ಹಾ ಹೆಸರನ್ನು ಮರಾಠಿಯಲ್ಲಿ ಬರೆಯುವುದು ಸಾಧಾರಣ ರಕಾರದಲ್ಲಲ್ಲ, ರೆಪ್ಪೆಯ ಹಾಗೆ ಕಾಣುವ ಬೇರೊಂದು ರಕಾರದಲ್ಲಿ. ಈ ಸೀಮೆಯಲ್ಲೇ ಹುಟ್ಟಿದ ಆಚಾರ್ಯ ಅತ್ರೆ ತಮ್ಮ ಆತ್ಮಕಥೆಗೆ ಕರ್ಹೆಯ ನೀರು ಎಂಬರ್ಥದ ಹೆಸರಿಟ್ಟಿದ್ದಾರೆ. ಅದರ ಮುಖಪುಟದಲ್ಲೂ ಇದೇ ರಕಾರ. ಅದರ ಸಂಖ್ಯೆಗೆ 896 ಸೇರಿಸಿದರೆ ಕನ್ನಡದಲ್ಲಿ ಸಿಗುವುದು ಱ, ಹಳಗನ್ನಡ ಓದುವವರು ಮಾತ್ರ ಗುರುತಿಸುವ ಶಕಟರೇಫ. ದಾರಿ ಕೇಳುವ ಭಕ್ತರ ಕೈಗೆ 'ಕಱ್ಹಾ' ಎಂದು ಕೊಟ್ಟರೆ ಹೇಗೆ? ಆದ್ದರಿಂದ ಅವಳು ಒಂದು ಸಣ್ಣ ಪರೀಕ್ಷೆ ಬರೆದಿಟ್ಟಳು: ಮರಾಠಿಯ ಈ ಹೆಸರು ಒಳಗೆ ಹೋದರೆ ಹೊರಗೆ 'ಕರ್ಹಾ' ಬರಬೇಕು, ಬೇರೇನು ಬಂದರೂ ತಪ್ಪು. ಇದೇ ಯುನಿಟ್ ಟೆಸ್ಟ್. ಪ್ರೋಗ್ರಾಮಿನ ಒಂದು ಪುಟ್ಟ ಭಾಗಕ್ಕೆ ಒಂದು ಪುಟ್ಟ ಪ್ರಶ್ನೆ, ಒಂದು ಗೊತ್ತಾದ ಉತ್ತರ. ಕೋಡ್ ಬದಲಾದಾಗಲೆಲ್ಲ ಎಲ್ಲ ಪ್ರಶ್ನೆಗಳನ್ನೂ ಯಂತ್ರ ಮತ್ತೆ ಕೇಳುತ್ತದೆ.

ಈ ಪರೀಕ್ಷೆಗೆ ಪೈಥಾನ್ ಒಂದಿದ್ದರೆ ಸಾಕು. ಉಳಿದವು ಹಾಗಿರಲಿಲ್ಲ. ಹೆಸರುಗಳನ್ನು ಕನ್ನಡದ ಕ್ರಮದಲ್ಲಿ ಜೋಡಿಸಲು, ಹುಡುಕುವಾಗ ಸಾಸ್ವಡ್ ಮತ್ತು ಸಾಸ್‌ವಡ್ ಒಂದೇ ಎಂದು ತಿಳಿಯಲು ಅವಳು ಐಸಿಯು ಬಳಸಿದ್ದಳು. ಆಸ್ಪತ್ರೆಯದಲ್ಲ, ಜಗತ್ತಿನ ಭಾಷೆಗಳ ಜೋಡಣೆಯ ನಿಯಮಗಳನ್ನೆಲ್ಲ ಹೊತ್ತುಕೊಂಡಿರುವ ಒಂದು ತಂತ್ರಾಂಶ ಲೈಬ್ರರಿ. ಹೋಲಿಸುವಾಗ ಅದು ಆ ಕಾಣದ ಸಂಕೇತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡಲು ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶವೂ ಒಂದು ಕನ್ನಡ ಫಾಂಟೂ ಬೇಕು. ಇವೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿದ್ದವು. ಪಟ್ಟಿಯನ್ನು ಜನರಿಗೆ ಕೊಡುವ ಸರ್ವರಿನಲ್ಲಿ ಇರಲಿಲ್ಲ. ಅದು ಆಲ್ಪೈನ್ ಲಿನಕ್ಸ್ ಮೇಲೆ ಕಟ್ಟಿದ, ಬೇಡದ್ದನ್ನೆಲ್ಲ ತೆಗೆದು ಹಗುರ ಮಾಡಿದ ವ್ಯವಸ್ಥೆ.

ಇಲ್ಲದ ವಸ್ತುವನ್ನು ಕೇಳಿದ ಟೆಸ್ಟ್ ಸೋಲುತ್ತದೆ. ಆದರೆ ಅದು ಪ್ರೋಗ್ರಾಮಿನ ತಪ್ಪಲ್ಲ. ಪಾಲಕಿ ಬರುವ ದಿನ ದಿವೆಘಾಟಿನಲ್ಲಿ ವಾಹನ ಬಿಡುವುದಿಲ್ಲ. ಆ ದಿನ ಬಸ್ಸು ತಡವಾಯಿತು ಎಂದು ಡ್ರೈವರನ ಮೇಲೆ ಬರೆಯುವುದು ನ್ಯಾಯವಲ್ಲ. ಇದಕ್ಕಾಗಿಯೇ ಟೆಸ್ಟಿನಲ್ಲಿ ಪಾಸು, ಫೇಲು ಬಿಟ್ಟು ಮೂರನೆಯ ಫಲಿತಾಂಶವೊಂದಿದೆ: ಸ್ಕಿಪ್. ಪೈಥಾನ್‌ನ ಯುನಿಟ್‌ಟೆಸ್ಟ್‌ಗೆ ಇದು 2009ರಲ್ಲಿ 3.1ರ ಜೊತೆಗೂ 2010ರಲ್ಲಿ 2.7ರ ಜೊತೆಗೂ ಬಂತು. 'ಇಂಥದ್ದು ಇಲ್ಲದಿದ್ದರೆ ಈ ಟೆಸ್ಟ್ ಬಿಡು, ಕಾರಣ ಇದು' ಎಂದು ಮೇಲೆ ಒಂದು ಸಾಲು ಬರೆದರಾಯಿತು. ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲ, ಕೆಲವು ಯಂತ್ರಗಳಲ್ಲಿ ಐಪಿವಿ6 ಇಲ್ಲ. ಹಲವು ವ್ಯವಸ್ಥೆಗಳ ಮೇಲೆ ಓಡಬೇಕಾದ ಯಾವ ತಂತ್ರಾಂಶಕ್ಕೂ ಇಂಥ ಸಾಲು ತಪ್ಪಿದ್ದಲ್ಲ.

ಅವಳೂ ಬರೆದಳು. ಅಂದಿನಿಂದ ಸರ್ವರಿನ ವರದಿಯ ಕೊನೆಯಲ್ಲಿ ಬರುತ್ತಿದ್ದುದು 'ಓಕೆ', ಪಕ್ಕದಲ್ಲಿ ಆವರಣದೊಳಗೆ, ಸ್ಕಿಪ್ ಆದವು 9. ಬಣ್ಣ ಹಸಿರು. ಈ ಓಕೆ ಪೈಥಾನ್ ಒಂದರದ್ದೇ ಅಲ್ಲ. 1987ರಲ್ಲಿ ಪರ್ಲ್ ಭಾಷೆಯ ಜೊತೆ ಹುಟ್ಟಿ ಮುಂದೆ ಟ್ಯಾಪ್ ಎಂದು ಹೆಸರಾದ ವರದಿಪದ್ಧತಿಯಲ್ಲೂ ಬಿಟ್ಟ ಟೆಸ್ಟಿನ ಸಾಲು ಶುರುವಾಗುವುದು ಓಕೆ ಎಂದೇ. ಬಿಟ್ಟದ್ದು ಕಟ್ಟಡ ಬೀಳಿಸುವ ತಪ್ಪಲ್ಲ ಎಂಬ ಅರ್ಥದಲ್ಲಿ ಅದು ಸರಿ. ಓದುವವರ ಕಣ್ಣಿಗೆ ಮಾತ್ರ ಅದು 'ನೋಡಿದೆ, ಚೆನ್ನಾಗಿದೆ' ಎಂದು ಕಾಣುತ್ತದೆ. ನಮ್ಮ ಶಾಲೆಯ ಅಂಕಪಟ್ಟಿ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಪರೀಕ್ಷೆಗೆ ಕೂರದ ಹುಡುಗನ ಮುಂದೆ ಅದು ಗೈರು ಎಂದೇ ಬರೆಯುತ್ತದೆ.

ಅವಳ ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಮಗಳ ಪಟ್ಟಿಯನ್ನು ಫೋನಿನಲ್ಲಿ ತೆರೆದು ಅವರು ಮೊದಲು ಹುಡುಕಿದ್ದು ಮಗಳ ಊರನ್ನೇ. ಸಾಸ್ವಡ್ ಎಂದು ಟೈಪು ಮಾಡಿದರು. ಏನೂ ಬರಲಿಲ್ಲ.

"ಏನವಾ, ನೀ ಇರೂ ಊರ ಇದರಾಗ ಇಲ್ಲಲ್ಲ?"

"ಐತಲ್ಲಪಾ, ಸರಿಯಾಗಿ ನೋಡು."

"ನಾ ಮೂವತ್ತ ವರ್ಷ ಊರ ಹೆಸರಾ ಒದರಿದಾವ. ಇಲ್ಲಂದ್ರ ಇಲ್ಲ."

ಪಟ್ಟಿಯಲ್ಲಿ ಇದ್ದದ್ದು ಸಾಸ್‌ವಡ್. ಅವಳ ಲ್ಯಾಪ್‌ಟಾಪಿನಲ್ಲಿ ಇವೆರಡನ್ನೂ ಒಂದೇ ಎಂದು ಹೇಳುತ್ತಿದ್ದ ಐಸಿಯು ಸರ್ವರಿನಲ್ಲಿ ಇರಲಿಲ್ಲ. ಐಸಿಯು ಇಲ್ಲದಿದ್ದರೂ ಪ್ರೋಗ್ರಾಂ ನಿಲ್ಲಬಾರದೆಂದು ಅವಳೇ ಒಂದು ಬದಲಿ ದಾರಿ ಬರೆದಿದ್ದಳು: ಅಕ್ಷರದ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸುವುದು. ಹಾಗೆ ಹೋಲಿಸಿದರೆ ಕಾಣದ ಸಂಕೇತವೂ ಒಂದು ಅಕ್ಷರವೇ. ಹುಡುಕಾಟ ಸೋಲುತ್ತದೆ, ಜೋಡಣೆಯೂ ಕೆಡುತ್ತದೆ. ಆ ಸಂಕೇತದ ಸಂಖ್ಯೆ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದಾದ್ದರಿಂದ ರಾಜ್‌ಕುಮಾರ್ ಎಂಬ ಹೆಸರು ರಾಜ್ಯದ ನಂತರ ಬಂದು ಕೂರುತ್ತದೆ.

ಇಲ್ಲಿ ಸ್ಕಿಪ್‌ನ ಕಾರಣ ಸುಳ್ಳಾಗಿರಲಿಲ್ಲ. ಐಸಿಯು ನಿಜವಾಗಿಯೂ ಇರಲಿಲ್ಲ. ಆದರೆ ಆ ಒಂಬತ್ತು ಟೆಸ್ಟುಗಳು ಓಡಿದ್ದು ಅವಳೊಬ್ಬಳೇ ಕೂರುವ ಯಂತ್ರದಲ್ಲಿ, ಬಿಟ್ಟುಹೋದದ್ದು ಜನರೆಲ್ಲ ಬಂದು ಹುಡುಕುವ ಯಂತ್ರದಲ್ಲಿ. ಕೇಳಬೇಕಾದ ಪ್ರಶ್ನೆ 'ಈ ಸೌಲಭ್ಯ ಇಲ್ಲಿದೆಯೇ' ಎನ್ನುವುದಷ್ಟೇ ಅಲ್ಲ. 'ಇದು ಇಲ್ಲದ ಕಡೆಯೂ ಪ್ರೋಗ್ರಾಂ ಆ ಕೆಲಸ ಮಾಡುತ್ತೇನೆ ಎಂದು ಮಾತು ಕೊಟ್ಟಿದೆಯೇ?' ಕೊಟ್ಟಿಲ್ಲವಾದರೆ ಬಿಡಬಹುದು. ಹುಡುಕುವ ಪೆಟ್ಟಿಗೆಯನ್ನು ಜನರ ಮುಂದೆ ಇಟ್ಟ ಮೇಲೆ ಬಿಡುವ ಹಾಗಿಲ್ಲ. ಬದಲಿ ದಾರಿಗೂ ಅದೇ ಪ್ರಶ್ನೆ ಕೇಳಲೇಬೇಕು.

ಈ ಲೆಕ್ಕದಲ್ಲಿ ಅವಳು ಒಂಬತ್ತನ್ನೂ ಒಂದೊಂದಾಗಿ ನೋಡಿದಳು. ಮೂರು ಟೆಸ್ಟುಗಳು ಹುಡುಕಾಟದವು. ಹುಡುಕುವ ಮೊದಲು ಎರಡೂ ಹೆಸರುಗಳಿಂದ ಕಾಣದ ಸಂಕೇತಗಳನ್ನು ತೆಗೆದು, ಸ್ವರಚಿಹ್ನೆಗಳನ್ನು ಒಂದೇ ರೂಪಕ್ಕೆ ತಂದರೆ ಐಸಿಯು ಬೇಕಾಗಿಯೇ ಇಲ್ಲ. ಕನ್ನಡದಲ್ಲಿ ಇದು ಬೇಕು ಕೂಡ: 'ಕೋ' ಎಂಬುದನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ಇವನ್ನು ಒಂದು ಮಾಡುವ ಕೋಷ್ಟಕ ಪೈಥಾನ್‌ನ ಒಳಗೇ ಇದೆ. ಆ ಮೂರಕ್ಕೂ ಸ್ಕಿಪ್ ತೆಗೆದಳು. ಎರಡು ಟೆಸ್ಟುಗಳು ಜೋಡಣೆಯವು. ಅದಕ್ಕೆ ಐಸಿಯು ಬೇಕೇ ಬೇಕು. ಹಾಗಾದರೆ ಸರ್ವರಿನಲ್ಲಿ ಅದನ್ನು ಹಾಕಬೇಕು, ಇಲ್ಲದಿದ್ದರೆ ಟೆಸ್ಟ್ ಸೋಲಬೇಕು. ಉಳಿದ ನಾಲ್ಕು ಅಕ್ಷರ ಮೂಡಿಸುವ ಟೆಸ್ಟುಗಳು. ಸರ್ವರ್ ಅಕ್ಷರ ಬಿಡಿಸುವುದಿಲ್ಲ, ಓದುವವರ ಫೋನು ಬಿಡಿಸುತ್ತದೆ. ಅಲ್ಲಿ ಸ್ಕಿಪ್ ನ್ಯಾಯವಾದದ್ದೇ.

ಬಿಡಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ ಎಂಬುದರಲ್ಲೂ ತಾರತಮ್ಯವಿದೆ. ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಕೇಳುವುದು ಸುಲಭ, ಆದರೆ ಹೆಸರು ಗುಣ ಹೇಳುವುದಿಲ್ಲ. ಮೊದಮೊದಲು ಅವಳು 'ಕನ್ನಡ-ಭಾರತ ಲೊಕೇಲ್ ಇದೆಯೇ' ಎಂದು ಯಂತ್ರವನ್ನೇ ಕೇಳಿದ್ದಳು. ಆಲ್ಪೈನ್ ಬಳಸುವ ಮಸಲ್ ಎಂಬ ಸಿ ಲೈಬ್ರರಿ ಯಾವ ಲೊಕೇಲ್ ಹೆಸರು ಹೇಳಿದರೂ ಹೂಂ ಎನ್ನುತ್ತದೆ. ಜೋಡಿಸುವಾಗ ಮಾತ್ರ ಬರೀ ಸಂಖ್ಯೆಯ ಕ್ರಮದಲ್ಲೇ ಜೋಡಿಸುತ್ತದೆ. ಮಾಡಿಸಿ ನೋಡುವುದೇ ಮೇಲು. ಪೈಥಾನ್‌ನ ಸ್ವಂತ ಟೆಸ್ಟುಗಳಲ್ಲಿ ಸಿಮ್‌ಲಿಂಕ್ ಬರುತ್ತದೆಯೇ ಎಂದು ತಿಳಿಯಲು ನಿಜವಾಗಿಯೇ ಒಂದು ಸಿಮ್‌ಲಿಂಕ್ ಮಾಡಿ ನೋಡುತ್ತಾರೆ, ಏಕೆಂದರೆ ವಿಂಡೋಸ್‌ನಲ್ಲಿ ಅದು ಬಳಕೆದಾರರಿಗಿರುವ ಅನುಮತಿಯ ಮೇಲೆ ನಿಂತಿದೆ. ಆದರೆ ಹಾಗೆ ಮಾಡಿ ನೋಡುವಾಗ ಪರೀಕ್ಷೆಗೆ ಕೂತ ಕೋಡನ್ನೇ ಬಳಸಬಾರದು. ಬಳಸಿದರೆ ಅದರಲ್ಲಿ ತಪ್ಪಿದ್ದಾಗಲೆಲ್ಲ ಟೆಸ್ಟ್ ಸೋಲುವ ಬದಲು ತಾನೇ ರಜೆ ಹಾಕುತ್ತದೆ. ಲೈಬ್ರರಿ ಇಲ್ಲದ್ದಕ್ಕೂ, ಲೈಬ್ರರಿ ಇದ್ದು ಒಳಗೆ ಮುರಿದಿರುವುದಕ್ಕೂ ವ್ಯತ್ಯಾಸವಿದೆ. 2024ರಲ್ಲಿ ಬಂದ ಪೈಟೆಸ್ಟ್ 8.2, ಎರಡನೆಯದನ್ನು ಮೊದಲನೆಯದೆಂದು ತಿಳಿದು ಬಿಟ್ಟಾಗ ಎಚ್ಚರಿಸಲು ಶುರುಮಾಡಿತು. ಹಾಗೆಯೇ 'ಇದು ತಪ್ಪೆಂದು ಗೊತ್ತು, ಇನ್ನೂ ಸರಿ ಮಾಡಿಲ್ಲ' ಎನ್ನುವುದಕ್ಕೆ ಎಕ್ಸ್‌ಫೇಲ್ ಎಂಬ ಬೇರೆಯೇ ಗುರುತಿದೆ. ತಪ್ಪನ್ನು ಸ್ಕಿಪ್ ಹಿಂದೆ ಅಡಗಿಸಬೇಕಾಗಿಲ್ಲ.

ಒಂದು ಕಾಲಕ್ಕೆ ಪೈಥಾನ್‌ನ ಟೆಸ್ಟ್ ಓಡಿಸುವ ಪ್ರೋಗ್ರಾಮಿನಲ್ಲಿ, ಯಾವ ವ್ಯವಸ್ಥೆಯಲ್ಲಿ ಯಾವ ಯಾವ ಟೆಸ್ಟ್ ಬಿಡುವುದು ಸಹಜ ಎಂಬ ಪಟ್ಟಿಯೇ ಇತ್ತು. ಪಟ್ಟಿಯಲ್ಲಿಲ್ಲದ್ದು ಬಿಟ್ಟರೆ, ಇದು ನಿರೀಕ್ಷಿಸಿದ್ದಲ್ಲ ಎಂದು ಅದು ಬೇರೆಯಾಗಿ ಹೇಳುತ್ತಿತ್ತು. ಪಟ್ಟಿಯನ್ನು ಕಾಪಾಡಿಕೊಂಡು ಬರುವುದು ತಲೆನೋವಿನ ಕೆಲಸ, ಅದನ್ನು ಮುಂದೆ ತೆಗೆದುಹಾಕಿದರು. ಅದರ ಹಿಂದಿನ ವಿಚಾರ ಮಾತ್ರ ಗಟ್ಟಿ: ಬಿಡುವುದಕ್ಕೂ ಲೆಕ್ಕ ಇರಬೇಕು. ಅದರ ಸರಳ ರೂಪವೆಂದರೆ ಎಲ್ಲ ಸೌಲಭ್ಯಗಳೂ ಇರುವ ಒಂದು ಯಂತ್ರವನ್ನು ಗೊತ್ತು ಮಾಡಿ, ಅಲ್ಲಿ ಒಂದು ಸ್ಕಿಪ್ ಬಂದರೂ ಅದನ್ನು ಸೋಲೆಂದೇ ಎಣಿಸುವುದು. ಬೇರೆ ಕಡೆ ಬಿಟ್ಟದ್ದನ್ನೆಲ್ಲ ಆ ಯಂತ್ರ ಓಡಿಸಿ ನೋಡಿರುತ್ತದೆ.

ಕನ್ನಡದಂಥ ಭಾಷೆಗೆ ಇದು ಬರೀ ಶಿಸ್ತಿನ ಮಾತಲ್ಲ. ಇಂಗ್ಲಿಷಿನ ಟೆಸ್ಟ್ ಬಿಟ್ಟುಹೋಗುವುದು ಅಪರೂಪ, ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ ಯಂತ್ರದಲ್ಲಿ ಹುಟ್ಟಿನಿಂದಲೇ ಇರುತ್ತದೆ. ಕನ್ನಡ ಮಾತ್ರ ಇದ್ದರೆ ಇರುವ, ಹಾಕಿಕೊಂಡರೆ ಬರುವ ಸೌಲಭ್ಯ. ಲೊಕೇಲ್ ಇಲ್ಲ, ಬಿಡು. ಫಾಂಟ್ ಇಲ್ಲ, ಬಿಡು. ಐಸಿಯು ಇಲ್ಲ, ಬಿಡು. ಒಂದೊಂದು ಕಾರಣವೂ ಪ್ರಾಮಾಣಿಕವಾದದ್ದೇ. ಎಲ್ಲ ಕೂಡಿದಾಗ ಯಾವ ಯಂತ್ರವೂ ಒಮ್ಮೆಯೂ ಕೇಳದ ಪ್ರಶ್ನೆಯೊಂದು ಉಳಿದುಬಿಡುತ್ತದೆ, ಅದರ ಉತ್ತರ ಹೆಸರು ಸಿಗದ ಭಕ್ತರಿಗೋ ಪಟ್ಟಿಯಲ್ಲಿ ತಮ್ಮನ್ನು ಕಾಣದ ರೋಗಿಗೋ ಮೊದಲು ಗೊತ್ತಾಗುತ್ತದೆ. ಅವರು ಯಾರೂ ತಪ್ಪು ವರದಿ ಬರೆದು ಕಳಿಸುವವರಲ್ಲ. ಇಲ್ಲವೆಂದುಕೊಂಡು ಮುಂದೆ ಹೋಗುತ್ತಾರೆ.

ಈಗ ಅವಳ ಸರ್ವರಿನ ವರದಿಯಲ್ಲಿ ಸ್ಕಿಪ್ ನಾಲ್ಕು. ಪ್ರತಿಯೊಂದರ ಮುಂದೂ ಕಾರಣವನ್ನು ಕನ್ನಡದಲ್ಲೇ ಬರೆದಿದ್ದಾಳೆ: 'ಇಲ್ಲಿ ಫಾಂಟ್ ಇಲ್ಲ. ಈ ಯಂತ್ರ ಅಕ್ಷರ ಬಿಡಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡಲೇಬೇಕು.' ಲ್ಯಾಪ್‌ಟಾಪಿನಲ್ಲಿ ಆ ನಾಲ್ಕೂ ಓಡುತ್ತವೆ, ಅಲ್ಲಿ ಬಿಡಲು ಅನುಮತಿ ಇಲ್ಲ. ಕರ್ಹಾ ನದಿಯ ಟೆಸ್ಟ್ ಎರಡೂ ಕಡೆ ಓಡುತ್ತದೆ.